ಇಂಜಿನ್ನಿಗೆ ಮಡಿಲಕ್ಕಿ

ಅನಂತರಾಮ ವಡೋದರದಿಂದ ಸೂರತ್ತಿಗೆ ಹೋಗಿಬರುವುದು ಹೆಚ್ಚಾದಾಗ ಪದ್ಮಾ ಮೊದಮೊದಲು ಸಂತೋಷಪಟ್ಟಳು. ಮಗಳು ಮನಸ್ವಿನಿ ಇರುವುದು ಸೂರತ್ತಿನಲ್ಲೇ, ಅಡಾಜಣದ ಒಂದು ಫ್ಲಾಟಿನಲ್ಲಿ. ನಿವೃತ್ತಿಯಾದ ಮೇಲಾದರೂ ಈ ಮನುಷ್ಯನಿಗೆ ಮಗಳ ನೆನಪು ಬಂತಲ್ಲ ಅಂದುಕೊಂಡಳು. ಅವನು ನೋಡಲು ಹೋಗುತ್ತಿದ್ದುದು ಸೂರತ್ತಿನಿಂದಾಚೆ ಒಂದು ಸಕ್ಕರೆ ಕಾರ್ಖಾನೆಯ ಹಿಂದೆ, ಬೇವಿನ ಮರದ ಕೆಳಗೆ ನಿಂತಿದ್ದ ಹಳೆಯ ಡೀಸಲ್ ಇಂಜಿನ್ನನ್ನು ಎಂದು ಆಮೇಲೆ ಗೊತ್ತಾಯಿತು.

"ಮನು ಮನೆಗೆ ಹೋಗಿದ್ರಾ?" ಎಂದು ಅವಳು ಪ್ರತಿಸಲವೂ ಕೇಳುತ್ತಿದ್ದಳು.

"ಟೈಮ್ ಎಲ್ಲಿತ್ತು? ಕಾರ್ಖಾನೆಯವರು ಗೇಟು ತೆಗೆಯೋ ಹೊತ್ತಿಗೇ ಮಧ್ಯಾಹ್ನ ಆಯ್ತು. ಬೋಲ್ಟೆಲ್ಲ ತುಕ್ಕು ಕಣೇ, ಪಾಪ. ಒಳಗೆ ಪಾರಿವಾಳ ಗೂಡು ಕಟ್ಟಿವೆ."

ಆ 'ಪಾಪ'ವನ್ನು ಅವನು ಎಷ್ಟು ಮೆತ್ತಗೆ ಹೇಳುತ್ತಿದ್ದನೆಂದರೆ ಪದ್ಮಾ ತಿರುಗಿ ನೋಡುತ್ತಿದ್ದಳು. ಅವಳಿಗೆ ಗರ್ಭಕೋಶದ ಆಪರೇಷನ್ ಆದಾಗ ಕೂಡ ಆ ಮಾತು ಅವನ ಬಾಯಿಂದ ಹೊರಟಿರಲಿಲ್ಲ. ಆಸ್ಪತ್ರೆಯ ಜನರೇಟರ್ ಯಾವ ಕಂಪನಿಯದು ಎಂದು ಕೆಳಗೆ ಹೋಗಿ ವಿಚಾರಿಸಿಕೊಂಡು ಬಂದು, ಒಳ್ಳೆಯ ಸುದ್ದಿಯಂತೆ ಅವಳಿಗೆ ಹೇಳಿದ್ದ.

ಇಂಜಿನ್ನು ಒಂದು ಕಾಲದಲ್ಲಿ ವಡೋದರದ ಕಡೆಯದೇ. ಮಹಿ ನದಿಯ ಬಯಲಿನಲ್ಲಿ ಒಂದು ಬಟ್ಟೆ ಗಿರಣಿಯಿತ್ತು. ಗಿರಣಿಗೆ ಸೇರಿದ ಪುಟ್ಟ ನ್ಯಾರೋಗೇಜ್ ಹಳಿಯ ಮೇಲೆ ಹತ್ತಿ ಮೂಟೆಗಳನ್ನೂ, ಭಾನುವಾರಗಳಂದು ನೌಕರರ ಮಕ್ಕಳನ್ನೂ ಎಳೆದುಕೊಂಡು ಈ ಇಂಜಿನ್ನು ಓಡಾಡುತ್ತಿತ್ತು. ಗಿರಣಿ ಮುಚ್ಚಿದಾಗ ಅದನ್ನು ಸಕ್ಕರೆ ಕಾರ್ಖಾನೆಗೆ ಮಾರಿಬಿಟ್ಟರು. ಅಲ್ಲಿ ವರ್ಷಗಟ್ಟಲೆ ಕಬ್ಬು ಎಳೆಯಿತು. ಆಮೇಲೆ ಲಾರಿಗಳು ಬಂದವು, ಇಂಜಿನ್ನು ಬೇವಿನ ಮರದಡಿ ಸೇರಿತು. ಇತ್ತ ಹಳಿ ಮಾತ್ರ ಗುಜರಿಯವರ ಕಣ್ಣು ತಪ್ಪಿಸಿಕೊಂಡು ಹೇಗೋ ಉಳಿದು, ಈಗ ಒಂದು ಟ್ರಸ್ಟಿನ ಕೈಗೆ ಬಂದಿತ್ತು. ಅಹಮದಾಬಾದಿನ ಬೋಪಲ್ ಬಡಾವಣೆಯಲ್ಲಿ ಸಾಲುಸಾಲಾಗಿ ಅಪಾರ್ಟ್‌ಮೆಂಟು ಎಬ್ಬಿಸಿದ್ದ ಪ್ರಜ್ಞೇಶ್‌ಭಾಯಿ ಅದರ ಅಧ್ಯಕ್ಷ. ಬಾಲ್ಯವನ್ನು ಗಿರಣಿಯ ಕಾಲೊನಿಯಲ್ಲಿ ಕಳೆದವನಂತೆ. ಕಂಡ ಹಳೆಯದನ್ನೆಲ್ಲ ಕೆಡವಿ ಮೇಲೆ ಬಂದವನಿಗೆ ಈಗ ಹಳೆಯದರ ಮೇಲೆ ವಿಪರೀತ ಪ್ರೀತಿ ಹುಟ್ಟಿತ್ತು. ಕೊಯಾಲಿಯ ರಿಫೈನರಿಯಲ್ಲಿ ಇಡೀ ಆಯುಷ್ಯ ಪೈಪುಗಳನ್ನು ನೋಡಿಕೊಂಡಿದ್ದ ಅನಂತರಾಮ ಟ್ರಸ್ಟಿನ ಗೌರವ ಕಾರ್ಯದರ್ಶಿ. ಶನಿವಾರ, ಭಾನುವಾರ ಒಂದು ಬಾಡಿಗೆ ಮೋಟಾರು ಎರಡು ಡಬ್ಬಿಗಳನ್ನು ಎಳೆಯುತ್ತಿತ್ತು. ಜನ ಬಂದು ಸೆಲ್ಫಿ ತೆಗೆದುಕೊಂಡು, ಖಮಣ್ ತಿಂದು ಹೋಗುತ್ತಿದ್ದರು. ಸ್ವಂತ ಇಂಜಿನ್ನು ಬೇಕು, ಅದೂ ಇದೇ ಹಳಿಯ ಮೇಲೆ ಓಡಿದ ಇಂಜಿನ್ನೇ ಬೇಕು ಎಂಬುದು ಅನಂತರಾಮನ ಹಟ.

"ನಮ್ಮದು, ನಮ್ಮ ಹತ್ರಾನೇ ಇರಬೇಕು. ಎಂಥ ಸ್ಥಿತಿಯಲ್ಲಿದ್ರೂ ಸರಿ, ಕರ್ಕೊಂಡು ಬರೋದೇ," ಎಂದು ಅವನು ಫೋನಿನಲ್ಲಿ ಹೇಳುವುದು ಅಡುಗೆಮನೆಗೆ ಕೇಳಿಸುತ್ತಿತ್ತು.

ದುಡಿಯುತ್ತಿದ್ದ ಕಾಲದಲ್ಲಿ ಇಂಜಿನ್ನಿಗೆ ಒಂದು ನಂಬರು ಬಿಟ್ಟರೆ ಹೆಸರಿರಲಿಲ್ಲ. ಪಾರಂಪರಿಕ ಎನಿಸಿಕೊಂಡ ಮೇಲೆ ಹೆಸರು ಬಂತು. ಪ್ರಜ್ಞೇಶ್‌ಭಾಯಿ 'ರೇವಾ' ಎಂದು ಇಟ್ಟ.

ಮನಸ್ವಿನಿಯ ಸಂಸಾರದಲ್ಲಿ ಹೇಳಿಕೊಳ್ಳುವಂಥ ತೊಂದರೆ ಏನೂ ಇರಲಿಲ್ಲ. ಆ ಹುಡುಗಿಯ ಕಷ್ಟವೇ ಅದು. ಗಂಡ ಅಭಿಷೇಕ್ ತುಮಕೂರಿನ ಕಡೆಯ ಮನೆತನದವನು, ಪಕ್ಕದ ಹಜೀರಾದ ಒಂದು ಕಂಪನಿಯಲ್ಲಿ ಒಳ್ಳೆಯ ಕೆಲಸ, ಜೊತೆಗೆ ತಾಯಿ. ಸಿಟ್ಟು ಬಂದರೆ ಅವನು ಕೂಗಾಡುತ್ತಿರಲಿಲ್ಲ, ಮಾತು ನಿಲ್ಲಿಸುತ್ತಿದ್ದ. ಸೋಫಾದ ಈ ತುದಿಯಲ್ಲಿ ಕೂತು ಆ ತುದಿಯಲ್ಲಿದ್ದ ಹೆಂಡತಿಗೆ 'ನೀರು' ಎಂದು ವಾಟ್ಸಾಪಿನಲ್ಲಿ ಬರೆಯುತ್ತಿದ್ದ. 'ಸಾರಿಗೆ ಉಪ್ಪು ಜಾಸ್ತಿ' ಎಂದು ಬರೆಯುತ್ತಿದ್ದ. ತಾಯಿಯ ಜೊತೆ ಮಾತ್ರ ಗಟ್ಟಿಯಾಗಿ ನಗುತ್ತಿದ್ದ. ಅವನನ್ನು ಕೇಳದೆ ಮನು ಒಂದು ಶಾಲೆಗೆ ಕೆಲಸಕ್ಕೆ ಅರ್ಜಿ ಹಾಕಿದಳೆಂದು ಈ ಸಲ ಮಾತು ಬಿಟ್ಟವನು, ಹಬ್ಬ ಬಂದು ಹೋದರೂ ಬಾಯಿ ತೆರೆದಿರಲಿಲ್ಲ.

"ಅಮ್ಮಾ, ನನ್ನ ವಾಯ್ಸ್ ಹೇಗಿದೆ ಅಂತ ನನಗೇ ಮರ್ತುಹೋಗ್ತಿದೆ," ಎಂದಳು ಮನು ಒಂದು ದಿನ ಫೋನಿನಲ್ಲಿ. "ಇವತ್ತು ಲಿಫ್ಟಲ್ಲಿ ಪಕ್ಕದ ಮನೆ ಮಾಸಿ ಹೇಗಿದ್ದೀ ಅಂತ 'ಕೇಮ್ ಛೋ ಬೇಟಾ' ಅಂದ್ರು. ಅಷ್ಟೇ. ನಂಗೆ ಅಳು ಬಂದ್ಬಿಡ್ತು. ಬಸ್ ಅಮ್ಮ. ಹವೇ ನಹಿ." ಕನ್ನಡ ಸಾಲದಾದಾಗ ಅವಳು ಗುಜರಾತಿಗೆ ಹಾರುತ್ತಿದ್ದಳು. ಇನ್ನು ಬೇಡ, ಸಾಕು ಎಂಬುದನ್ನು ಅವಳು ಬೇರೆ ಯಾವ ಭಾಷೆಯಲ್ಲಿ ಹೇಳಿದ್ದರೂ ಪದ್ಮಾಳಿಗೆ ಅರ್ಥವಾಗುತ್ತಿತ್ತು.

ಗಂಡನಿಗೆ ಹೇಳಿದಳು. ಅವನು ಬಾಗಿಲಲ್ಲಿ ಕೂತು ಶೂ ಕಟ್ಟುತ್ತಿದ್ದ. ಟ್ರೈಲರಿನ ಮೇಲೆ ಬಂದ ಇಂಜಿನ್ನನ್ನು ಮಕರಪುರದ ಒಂದು ಶೆಡ್ಡಿನಲ್ಲಿ ಇಳಿಸಿಕೊಂಡಿದ್ದರು. ಅಂದು ಬಣ್ಣ ಆರಿಸಬೇಕಿತ್ತು.

"ಹೊಡೀತಾನಾ?" ಎಂದು ಕೇಳಿದ.

"ಇಲ್ಲ."

"ಕುಡೀತಾನಾ?"

"ಇಲ್ಲ."

"ಮತ್ತೆ? ಮಾತಾಡಲ್ಲ ಅನ್ನೋದೂ ಒಂದು ಕಂಪ್ಲೇಂಟಾ? ನಾನೇನು ನಿನ್ನ ಹತ್ರ ದಿನಾ ಹರಟೆ ಹೊಡ್ಕೊಂಡು ಕೂತಿದ್ನಾ? ಸಂಸಾರ ನಡೀಲಿಲ್ವಾ?"

ಪದ್ಮಾಳ ಹತ್ತಿರ ಉತ್ತರವಿತ್ತು, ತೀರಾ ದೊಡ್ಡ ಉತ್ತರ. ಶೂ ಕಟ್ಟಿ ಮುಗಿಸುವಷ್ಟರಲ್ಲಿ ಹೇಳಿ ಮುಗಿಸುವಂಥದಾಗಿರಲಿಲ್ಲ.

"ಈಗ ಬಂದು ಕೂತರೆ ಕನ್ನಡ ಸಂಘದವರಿಗೆ ಏನು ಹೇಳೋದು, ಸೊಸೈಟಿಯವರಿಗೆ ಏನು ಹೇಳೋದು? ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಕ್ಕೆ ಹೇಳು. ಇಂಜಿನ್ನಿನ ಫಂಕ್ಷನ್‌ಗೆ ಬರಲಿ, ನೋಡ್ಕೊಂಡು ಸಂಜೆ ಟ್ರೈನಿಗೆ ಹೋಗಲಿ. ನಾನೇ ವಾಪಸ್ ರಿಸರ್ವೇಷನ್ ಮಾಡಿಸ್ತೀನಿ," ಎಂದು ಎದ್ದ. ಎರಡು ಹೆಜ್ಜೆ ಹೋದವನು ತಿರುಗಿ, "ಹಸಿರು ಚೆನ್ನಾಗಿರುತ್ತಾ, ಇಲ್ಲ ಇಟ್ಟಿಗೆ ಕೆಂಪಾ? ಹೆಂಗಸರ ಕಣ್ಣಿಗೆ ಯಾವುದು ಹಿಡಿಸುತ್ತೆ?" ಎಂದು ಕೇಳಿದ.

"ಇಟ್ಟಿಗೆ ಕೆಂಪು," ಎಂದಳು ಪದ್ಮಾ. ಕೇಳಿದ್ದಕ್ಕೆ ಉತ್ತರ ಕೊಡುವ ಅಭ್ಯಾಸ ಹೋಗಿರಲಿಲ್ಲ.

ಸ್ವಾಗತ ಸಮಾರಂಭಕ್ಕೆ ಪ್ರಜ್ಞೇಶ್‌ಭಾಯಿ ಒಂದು ಕಲ್ಪನೆ ಕೊಟ್ಟ. ರೇವಾ ಈ ಹಳಿಯ ಮಗಳು, ದೂರದೂರಿಗೆ ಹೋದವಳು, ಈಗ ಪಿಯರ್‌ಗೆ, ಅಂದರೆ ತವರಿಗೆ ಬರುತ್ತಿದ್ದಾಳೆ. ಪತ್ರಿಕೆಯವರಿಗೆ ಇಂಥದು ಬೇಕು. "ಅನಂತ್‌ಭಾಯಿ, ನಿಮ್ಮ ಸೌತ್‌ನಲ್ಲಿ ತವರಿಗೆ ಬಂದ ಮಗಳಿಗೆ ಏನಾದರೂ ವಿಧಿ ಇದ್ದೇ ಇರುತ್ತೆ. ಸ್ವಲ್ಪ ಬೇರೆ ಥರ ಆಗಲಿ. ನಮ್ಮ ಆರತಿ, ಗರ್ಬಾ ಎಲ್ಲರೂ ನೋಡಿದ್ದಾರೆ."

ಅನಂತರಾಮನಿಗೆ ಹೆಂಗಸರ ಶಾಸ್ತ್ರಗಳಲ್ಲಿ ಗೊತ್ತಿದ್ದುದು ಒಂದೇ, ಮಡಿಲಕ್ಕಿ. ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಎಲೆಯಡಿಕೆ, ರವಿಕೆ ಕಣ ಹಾಕುವುದನ್ನು ಅವನು ತಾಯಿಯ ಕಾಲದಿಂದ ಜಗಲಿಯಲ್ಲಿ ಕೂತು ನೋಡಿದ್ದ. ಅದನ್ನೇ ಹೇಳಿದ. ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಯಿತು. ಕಾರ್ಯದರ್ಶಿಯ ಪತ್ನಿ ಶ್ರೀಮತಿ ಪದ್ಮಾ ಅವರಿಂದ ತವರಿಗೆ ಮರಳಿದ ರೇವಾಳಿಗೆ ಮಡಿಲಕ್ಕಿ.

ಓದಿ ಪದ್ಮಾ ನಕ್ಕುಬಿಟ್ಟಳು. "ರೀ, ಇದು ಬಂದಾಗ ತುಂಬೋದಲ್ಲ. ಗಂಡನ ಮನೆಗೆ ಕಳಿಸೋವಾಗ ತುಂಬೋದು. ಮಡಿಲು ತುಂಬಿದರೆ ಹೋಗಿ ಬಾ ಅಂದ ಹಾಗೆ."

"ಇಲ್ಲಿ ಯಾರಿಗೆ ಗೊತ್ತಾಗುತ್ತೆ? ಪ್ರಿಂಟಿಗೆ ಹೋಗಿ ಆಯ್ತು."

ಕನ್ನಡ ಸಂಘದ ಮಹಿಳಾ ವಿಭಾಗದವರು ಒಟ್ಟಿಗೆ ನಿಂತು ಮಾಡಿಸಬೇಕೆಂದು ತೀರ್ಮಾನವಾಗಿತ್ತಾದ್ದರಿಂದ ಪದ್ಮಾ ಅದರ ಅಧ್ಯಕ್ಷೆ ರತ್ನಮ್ಮನ ಮನೆಗೆ ಹೋದಳು. ರತ್ನಮ್ಮ ಹಾವೇರಿಯ ಕಡೆಯವಳು. ಪದ್ಮಾಳಿಗಿಂತ ಹತ್ತು ವರ್ಷಕ್ಕೆ ದೊಡ್ಡವಳಾದರೂ ಎಲ್ಲರನ್ನೂ ಅಕ್ಕ ಎನ್ನುತ್ತಿದ್ದಳು.

"ನಿಮ್ಮ ಕಡೆ ಕಳಿಸೂವಾಗಷ್ಟ ಏನ್ರೀ ಪದ್ಮಕ್ಕ? ನಮ್ಮ ಕಡೆ ಬಂದರೂ ಉಡಿ ತುಂಬತೀವಿ, ಹೋದರೂ ತುಂಬತೀವಿ, ದೇವಿಗೂ ತುಂಬತೀವಿ. ಇಂಜಿನ್ನಿಗೆ ಮಾತ್ರ ಇದ ಮೊದಲ ನೋಡ್ರಿ," ಎಂದು ರತ್ನಮ್ಮ ಮಂಡಿ ತಟ್ಟಿಕೊಂಡು ನಕ್ಕಳು. "ಅಲ್ರೀ, ಅದಕ್ಕ ಉಡಿ ಅನ್ನೂದು ಎಲ್ಲೈತಿ?"

ಅದೊಂದು ದೊಡ್ಡ ಚರ್ಚೆಯೇ ಆಯಿತು. ಡ್ರೈವರ್ ಕೂರುವ ಸೀಟು ಎಂದಳು ಒಬ್ಬಳು. ಅದು ಒಳಗಿದೆ, ಫೋಟೋಗೆ ಬರುವುದಿಲ್ಲ. ಡೀಸಲ್ ಟ್ಯಾಂಕ್ ಎಂದಳು ಇನ್ನೊಬ್ಬಳು, ಹೊಟ್ಟೆಯಂತೆ ಅದೇ ತಾನೇ ಕೆಳಗಿರುವುದು. ಕೊನೆಗೆ ಡಬ್ಬಿಗಳನ್ನು ಕೊಂಡಿ ಹಾಕುವ ಮುಂಭಾಗದ ಕಬ್ಬಿಣದ ಮೇಲೆ ಒಂದು ಇಳಕಲ್ ಸೀರೆಯ ಸೆರಗನ್ನು ಹರಡಿ ಅದನ್ನೇ ಮಡಿಲೆಂದು ಭಾವಿಸುವುದೆಂದಾಯಿತು. ಭಾವಿಸುವುದು ಇವರಿಗೆ ಕಷ್ಟವಲ್ಲ. ಇಷ್ಟು ವರ್ಷ ಏನೇನೋ ಭಾವಿಸಿಕೊಂಡೇ ಬಂದವರು.

ಹೊರಡುವಾಗ ರತ್ನಮ್ಮ ಬಾಗಿಲ ತನಕ ಬಂದಳು. "ಮನು ಬರತಾಳೇನು?"

"ಬರ್ತಾಳೆ."

"ಇರತಾಳೇನು?"

ಪದ್ಮಾ ಚಪ್ಪಲಿ ಹುಡುಕುವವಳಂತೆ ಬಗ್ಗಿದಳು. ರತ್ನಮ್ಮ ಮತ್ತೆ ಕೇಳಲಿಲ್ಲ.

ಸಮಾರಂಭದ ದಿನ ಬೆಳಗ್ಗೆಯೇ ಮನು ಬಂದಳು. ಕೈಯಲ್ಲಿ ಮದುವೆಯಲ್ಲಿ ಕೊಟ್ಟಿದ್ದ ದೊಡ್ಡ ಸೂಟ್‌ಕೇಸು. ಸ್ಟೇಷನ್ನಿನಿಂದ ಕರೆತಂದ ಅನಂತರಾಮ ಅದನ್ನು ಮೆಟ್ಟಿಲು ಹತ್ತಿಸುತ್ತ ಏದುಸಿರುಬಿಟ್ಟ. "ಒಂದು ದಿನಕ್ಕೆ ಇಷ್ಟು ದೊಡ್ಡದಾ?"

"ಸೀರೆ ಇದೆ ಪಪ್ಪಾ. ಫಂಕ್ಷನ್ ಅಲ್ವಾ."

ಅವನು ನಂಬಿದ. ಅಥವಾ ನಂಬುವುದು ಆ ಬೆಳಗ್ಗೆ ಅನುಕೂಲವಾಗಿತ್ತು. ಅಡುಗೆಮನೆಯಲ್ಲಿ ಮನು ತಾಯಿಯ ಬೆನ್ನಿಗೆ ಹಣೆ ಒತ್ತಿ ನಿಂತಳು. "ಅಮ್ಮ, ನಾನು ಸಂಜೆ ಹೋಗಲ್ಲ. ಪಪ್ಪಾಗೆ ನೀನು ಹೇಳ್ತೀಯಾ?"

"ಫಂಕ್ಷನ್ ಮುಗೀಲಿ," ಎಂದಳು ಪದ್ಮಾ. ಎಂದ ಮೇಲೆ ತನ್ನ ಮೇಲೆಯೇ ಸಿಟ್ಟು ಬಂತು. ಆಪರೇಷನ್ ಮುಗೀಲಿ, ಪರೀಕ್ಷೆ ಮುಗೀಲಿ, ನಿವೃತ್ತಿಯಾಗಲಿ ಎಂದುಕೊಂಡೇ ಈ ಮನೆಯಲ್ಲಿ ಅವಳು ಹೇಳಬೇಕಾದ ಮಾತುಗಳೆಲ್ಲ ಹಳತಾಗಿ ಹೋಗಿದ್ದವು.

ಹಳಿಯ ಬಳಿ ಶಾಮಿಯಾನ ಹಾಕಿದ್ದರು. ರೇವಾ ನಿಜಕ್ಕೂ ಚೆಂದ ಕಾಣುತ್ತಿತ್ತು. ಇಟ್ಟಿಗೆ ಕೆಂಪು ಬಣ್ಣ, ಹೊಳೆಯುವ ಹಿತ್ತಾಳೆಯ ಹೆಸರಫಲಕ, ಮುಂದೆ ಚೆಂಡುಹೂವಿನ ಹಾರ. ಗುಜರಾತಿ ಹೆಂಗಸರು ಚಕ್ರಗಳಡಿ ನಿಂಬೆಹಣ್ಣು ಇಟ್ಟು, ಕೆಂಪು ಚುನರಿ ಬಟ್ಟೆ ಕಟ್ಟಿ ಹೋಗಿದ್ದರು. ಅನಂತರಾಮ ಮೈಕಿನ ಮುಂದೆ ನಿಂತ. ಮನೆಯಲ್ಲಿ ಎರಡು ವಾಕ್ಯಕ್ಕಿಂತ ಹೆಚ್ಚು ಆಡದವನು ಹಿಂದಿಯಲ್ಲಿ ಧಾರಾಳವಾಗಿ ಹರಿದ.

"ನಮ್ಮ ಮನೆಯ ಮಗಳು ದೂರ ಹೋಗಿದ್ದಳು. ಅಲ್ಲಿ ಅವಳನ್ನು ಮಾತಾಡಿಸುವವರಿರಲಿಲ್ಲ. ಮರದ ಕೆಳಗೆ ಒಂಟಿಯಾಗಿ ನಿಂತಿದ್ದಳು. ನಾನು ಹೋಗಿ ನೋಡಿದಾಗ ನನ್ನ ಕಣ್ಣು ಒದ್ದೆಯಾಯಿತು. ಯಾಕೆ ಬಂದೆ ಎಂದು ತವರು ಕೇಳಬಾರದು. ಇಷ್ಟು ದಿನ ಏನು ಮಾಡಿದೆ ಎಂದೂ ಕೇಳಬಾರದು. ಬಾಗಿಲು ತೆಗೆಯಬೇಕು, ಅಷ್ಟೇ. ಬಾ ಮಗಳೇ!"

ಜೋರಾಗಿ ಚಪ್ಪಾಳೆ ಬಿತ್ತು. ಪ್ರಜ್ಞೇಶ್‌ಭಾಯಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಎರಡನೆಯ ಸಾಲಿನಲ್ಲಿ ಕೂತಿದ್ದ ಮನು ತಂದೆಯನ್ನೇ ನೋಡುತ್ತಿದ್ದಳು. ಮೊದಲು ಅವಳ ಮುಖ ಅರಳಿತ್ತು, ತನಗೇ ಹೇಳುತ್ತಿದ್ದಾನೇನೋ ಎಂಬಂತೆ. ಅವನು ಕೈಚಾಚಿ ಇಂಜಿನ್ನಿನ ಕಡೆ ತಿರುಗಿದಾಗ ಅವಳೂ ಎಲ್ಲರಂತೆ ತಿರುಗಿ ನೋಡಿ, ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಪದ್ಮಾ ಅದನ್ನು ನೋಡಿದಳು. ಈ ಮನುಷ್ಯ ಸುಳ್ಳು ಹೇಳುತ್ತಿದ್ದರೆ ವಾಸಿಯಿತ್ತು. ಅವನು ಪ್ರತಿಯೊಂದು ಮಾತನ್ನೂ ಮನಸ್ಸಿನಿಂದಲೇ ಹೇಳುತ್ತಿದ್ದ.

"ಪದ್ಮಕ್ಕ, ಬರ್ರಿ," ಎಂದು ರತ್ನಮ್ಮ ಮೊರ ಕೈಗಿತ್ತಳು.

ಪದ್ಮಾ ಇಂಜಿನ್ನಿನ ಮುಂದೆ ನಿಂತು ಕುಂಕುಮವಿಟ್ಟಳು. ಹೊಸ ಬಣ್ಣದ ವಾಸನೆ ಮೂಗಿಗೆ ಹೊಡೆಯಿತು. ಸೆರಗಿನ ಮೇಲೆ ಅಕ್ಕಿ ಸುರಿದಳು, ಕಾಯಿ, ಬೆಲ್ಲದ ಅಚ್ಚು, ಕಣ ಇಟ್ಟಳು. ಮಾಡುತ್ತಿದ್ದಂತೆ ಕೈಗಳು ತಾವಾಗಿಯೇ ಹದಕ್ಕೆ ಬಂದವು. ಮೂರು ವರ್ಷಗಳಿಂದ ಪ್ರತಿ ಸಲ ಮನು ಹೊರಡುವಾಗ ಮಾಡಿದ್ದು ಇದನ್ನೇ. ಆ ಹುಡುಗಿ ಪ್ರತಿ ಸಲ ಸೆರಗೊಡ್ಡಿ, ಏನೋ ಹೇಳಲಿಕ್ಕೆ ಬಾಯಿ ತೆರೆಯುತ್ತಿದ್ದಳು. ಪದ್ಮಾ ಪ್ರತಿ ಸಲ ಆ ಬಾಯಿಗೆ ಸಕ್ಕರೆ ಹಾಕುತ್ತಿದ್ದಳು.

ಫೋಟೋ ತೆಗೆದದ್ದಾಯಿತು. ಆಹ್ವಾನಿತರು ಡಬ್ಬಿ ಹತ್ತಿದರು. ಚಾಲಕ ಗುಂಡಿ ಒತ್ತಿದಾಗ ಇಂಜಿನ್ನು ಕೆಮ್ಮಿ, ನಡುಗಿ, ಕಪ್ಪು ಹೊಗೆ ಬಿಟ್ಟು ಶುರುವಾಯಿತು. ಎಲ್ಲರೂ ಕೂಗಿದರು. ಇಂಜಿನ್ನು ಹೊರಟಿತು, ಹಿಂದಕ್ಕೆ. ನದಿಯ ಕಡೆ ಹೋಗಬೇಕಾದದ್ದು ಡಬ್ಬಿಗಳನ್ನು ತಳ್ಳಿಕೊಂಡು ಗೇಟಿನ ಕಡೆ, ಟ್ರೈಲರಿನಿಂದ ಇಳಿಸಿದ್ದ ಜಾಗದ ಕಡೆ ನಿಧಾನಕ್ಕೆ ಹೊರಟಿತು. ಮುಂದಿನ ಗೇರು ಬೀಳುತ್ತಲೇ ಇರಲಿಲ್ಲ.

"ನೋಡ್ರೀ ಪದ್ಮಕ್ಕ, ಉಡಿ ತುಂಬೂದ ತಡ, ಹೊಂಟೇ ಬಿಟ್ಲು!" ಎಂದು ರತ್ನಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಗೇಟಿನ ಹತ್ತಿರ ಹೇಗೋ ನಿಲ್ಲಿಸಿದರು. ಮಕರಪುರದಿಂದ ಬಂದಿದ್ದ ಮೆಕ್ಯಾನಿಕ್ ಕೆಳಗೆ ನುಸುಳಿ ಎದ್ದು ಬಂದು, ಇವತ್ತಿಗೆ ಇಷ್ಟೇ, ಹಿಂದಕ್ಕೆ ಮಾತ್ರ ಹೋಗುತ್ತೆ ಎಂದ. ಪ್ರಜ್ಞೇಶ್‌ಭಾಯಿ ಒಂದು ಕ್ಷಣ ಯೋಚಿಸಿ ಮೈಕು ತೆಗೆದುಕೊಂಡು, ಪಾರಂಪರಿಕ ರೈಲು ನಮ್ಮನ್ನು ಹಿಂದಕ್ಕೆ, ಹಳೆಯ ಕಾಲಕ್ಕೆ ಕರೆದೊಯ್ಯುತ್ತದೆ ಎಂದು ಸಾರಿದ. ಮತ್ತೆ ಚಪ್ಪಾಳೆ. ಅನಂತರಾಮ ಮಾತ್ರ ಇಂಜಿನ್ನಿನ ಬದಿಯ ಮೇಲೆ ಅಂಗೈ ಇಟ್ಟುಕೊಂಡು, "ಸುಸ್ತಾಗಿದೆ, ಅಷ್ಟೇ. ನಾಲ್ಕು ದಿನ ಸುಧಾರಿಸಿಕೊಳ್ಳಲಿ," ಎಂದ.

ಮನೆ ಸೇರುವಾಗ ಬಿಸಿಲು ಇಳಿದಿತ್ತು. ಅನಂತರಾಮ ಕಾಫಿ ಕುಡಿದು ಗಡಿಯಾರ ನೋಡಿದ.

"ಹೊತ್ತಾಯ್ತು ಪದ್ಮಾ. ಮನೂಗೆ ಮಡಿಲಕ್ಕಿ ಹಾಕು. ಆಟೋಗೆ ಹೇಳ್ತೀನಿ."

ಮನು ರೂಮಿನ ಬಾಗಿಲಲ್ಲಿ ನಿಂತು ತಾಯಿಯನ್ನು ನೋಡಿದಳು. ಪದ್ಮಾ ಕಳಿಸಲ್ಲ ಎನ್ನಬೇಕಿತ್ತು. ಬಾಯಿಂದ ಬಂದದ್ದು ಬೇರೆ.

"ಇವತ್ತು ಆಗಲ್ಲ ರೀ. ಒಬ್ಬಳಿಗೆ ಮಡಿಲು ತುಂಬಿದ ಮೇಲೆ, ಅವಳು ಹೊರಡೋವರೆಗೂ ಅದೇ ಕೈಯಲ್ಲಿ ಇನ್ನೊಬ್ಬಳಿಗೆ ತುಂಬೋ ಹಾಗಿಲ್ಲ."

"ಯಾರಿಗೆ ತುಂಬಿದೆ?"

"ರೇವಾಗೆ. ಅಷ್ಟು ಜನರ ಎದುರಿಗೆ. ನೀವೇ ಮೈಕಲ್ಲಿ ನಮ್ಮನೆ ಮಗಳು ಅಂದ್ರಿ."

"ಅದು ಇಂಜಿನ್ ಕಣೇ!"

"ಬೆಳಗ್ಗೆ ಮಗಳಾಗಿತ್ತು."

ಅನಂತರಾಮ ಕಪ್ಪು ಕೆಳಗಿಟ್ಟ. "ಯಾರು ಹೇಳಿದ್ದು ಈ ಶಾಸ್ತ್ರ?"

"ನಮ್ಮಜ್ಜಿ."

"ಹಾಗಾದ್ರೆ ತುಂಬದೇ ಕಳಿಸು," ಎಂದವನು ತಾನೇ ತಡೆದ. ಅವನ ಅಕ್ಕ ಒಮ್ಮೆ ತವರಿನವರೊಡನೆ ಜಗಳವಾಡಿಕೊಂಡು ಬರಿ ಸೆರಗಿನಲ್ಲಿ ಹೊರಟುಹೋದವಳು ಸಾಯುವ ತನಕ ಆ ಹೊಸ್ತಿಲು ತುಳಿದಿರಲಿಲ್ಲ. ತಾಯಿ ಅದನ್ನೇ ಹೇಳಿಕೊಂಡು ಅಳುತ್ತಿದ್ದುದು ಅವನಿಗೆ ನೆನಪಿರಬೇಕು. ಫೋನು ಎತ್ತಿಕೊಂಡು ರತ್ನಮ್ಮನಿಗೆ ಹಚ್ಚಿ, ಸ್ಪೀಕರ್ ಹಾಕಿದ.

ರತ್ನಮ್ಮನಿಗೆ ಪದ್ಮಾ ಏನೂ ಹೇಳಿಟ್ಟಿರಲಿಲ್ಲ.

ಪ್ರಶ್ನೆ ಕೇಳಿಸಿಕೊಂಡ ರತ್ನಮ್ಮ, "ಹೌದ್ರೀ ಅಣ್ಣಾರ," ಎಂದಳು ಗಂಭೀರವಾಗಿ. "ಪದ್ಮಕ್ಕ ಹೇಳೂದು ಖರೇ ಐತಿ. ನಮ್ಮ ಕಡೆ ಅಂತೂ ಇನ್ನೂ ಕಟ್ಟುನಿಟ್ಟು. ಮೊದಲನೇಕಿ ಗಂಡನ ಮನಿ ಮುಟ್ಟಿ, ಮುಟ್ಟೀನಿ ಅಂತ ಫೋನ್ ಮಾಡಿದ ಮ್ಯಾಲೇ ಎರಡನೇಕಿಗೆ ತುಂಬೂದು. ಇಲ್ಲಾಂದ್ರ ಇಬ್ಬರಿಗೂ ಛಲೋ ಅಲ್ರಿ."

"ಹಾಗಾದ್ರೆ ರೇವಾನ ಸೂರತ್ತಿಗೆ ವಾಪಸ್ ಕಳಿಸಬೇಕಾ?"

"ಅದು ನಿಮ್ಮ ಟ್ರಸ್ಟಿಗೆ ಬಿಟ್ಟದ್ದರಿ," ಎಂದು ರತ್ನಮ್ಮ ಫೋನು ಇಟ್ಟಳು.

ಅನಂತರಾಮ ಫೋನನ್ನೇ ನೋಡುತ್ತ ಕೂತ. ಪದ್ಮಾ ಗೆದ್ದಿದ್ದಳು, ಆದರೆ ಗೆದ್ದಂತೆ ಅನಿಸಲಿಲ್ಲ. ಇಷ್ಟು ವರ್ಷ ತಾನು ಕಣ್ಣಾರೆ ಕಂಡದ್ದನ್ನು ಹೇಳಿದಾಗ ಈ ಮನೆಯಲ್ಲಿ ಯಾರ ಕಿವಿಯೂ ನೆಟ್ಟಗಾಗಿರಲಿಲ್ಲ. ಎಂದೋ ಸತ್ತ ಅಜ್ಜಿ ಹೇಳದೇ ಇದ್ದ ಮಾತಿಗೆ ರೈಲು ನಿಲ್ಲಿಸುವ ಶಕ್ತಿಯಿತ್ತು. ನಾಳೆ ಅವನು ಎಷ್ಟು ದಿನ ಎಂದು ಕೇಳುತ್ತಾನೆ. ತಾನು ಇನ್ನೊಬ್ಬ ಅಜ್ಜಿಯನ್ನು ಹುಟ್ಟಿಸಬೇಕು. ಮನು ಈ ಮನೆಯಲ್ಲಿ ಅಜ್ಜಿಯರ ಸುಳ್ಳಿನ ಮೇಲೆ ಬದುಕಬೇಕು.

"ರೀ, ನಾನು ಹೇಳಿದ್ದು ಸುಳ್ಳು," ಎಂದಳು.

"ಗೊತ್ತು," ಎಂದ ಅನಂತರಾಮ. "ರತ್ನಮ್ಮನವರು ಫೋನ್ ಮಾಡಿದ ಮೇಲೆ ಅಂದ್ರಲ್ಲ, ಆಗಲೇ ಗೊತ್ತಾಯ್ತು. ಯಾವ ಕಾಲದ ಶಾಸ್ತ್ರದಲ್ಲಿ ಫೋನಿತ್ತು?"

ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸತೊಡಗಿದ. ಇಂಜಿನ್ನಿನ ಬಗ್ಗೆ ಮಾತಾಡುವಾಗಿನ ಆ ಮೆತ್ತನೆಯ ದನಿ ಸ್ವಲ್ಪ ಮಟ್ಟಿಗೆ ಬಂದಿತ್ತು. "ಇರಲಿ ಬಿಡು. ಸುಳ್ಳಾದರೂ ಚೆನ್ನಾಗಿದೆ. ಕೇಳಿದವರಿಗೆ ಹೀಗೇ ಹೇಳೋಣ. ಏನೋ ಶಾಸ್ತ್ರ ಅಡ್ಡ ಬಂತು, ಅದಕ್ಕೇ ನಿಂತಿದ್ದಾಳೆ ಅಂತ. ಯಾರಿಗೂ ತಪ್ಪು ಕಾಣಲ್ಲ."

ಅವನಿಂದ ಇಷ್ಟು ಬರುವುದೇ ಹೆಚ್ಚು ಎಂದು ಪದ್ಮಾಳಿಗೆ ಗೊತ್ತಿತ್ತು. ಬೇರೆ ದಿನವಾಗಿದ್ದರೆ ಅದನ್ನೇ ಎತ್ತಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು.

"ಬೇಡ," ಎಂದಳು. "ಅವಳು ಶಾಸ್ತ್ರಕ್ಕೆ ನಿಂತಿಲ್ಲ. ಅಲ್ಲಿ ಇರೋಕಾಗಲ್ಲ ಅಂತ ಬಂದಿದ್ದಾಳೆ. ಕೇಳಿದವರಿಗೆ ಹಾಗೇ ಹೇಳಿ. ನನ್ನ ಕೈಲಿ ಇನ್ನು ಅವಳ ಮಡಿಲು ತುಂಬೋಕಾಗಲ್ಲ. ಯಾವತ್ತೂ."

"ಪದ್ಮಾ, ಸ್ವಲ್ಪ ಯೋಚನೆ ಮಾಡು—"

ಫೋನು ಬಡಿದುಕೊಂಡಿತು. ಪರದೆಯ ಮೇಲೆ ಅಭಿಷೇಕನ ತಾಯಿಯ ಹೆಸರು. ಅನಂತರಾಮ ಅದನ್ನು ಪದ್ಮಾಳತ್ತ ಚಾಚಿದ. ಬೀಗರ ಜೊತೆ ಮಾತಾಡುವುದು ಯಾವಾಗಲೂ ಅವಳ ಕೆಲಸವಾಗಿತ್ತು. ಅವಳು ಕೈ ಮುಂದೆ ಮಾಡಲಿಲ್ಲ. ಮನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿದ್ದಳು. ಫೋನು ಬಡಿದುಕೊಳ್ಳುತ್ತಲೇ ಇತ್ತು.

ಕೊನೆಗೆ ಅವನೇ ಕಿವಿಗಿಟ್ಟುಕೊಂಡ.

"ಹಾಂ, ನಮಸ್ಕಾರಮ್ಮ... ಫಂಕ್ಷನ್ ಚೆನ್ನಾಗಾಯ್ತು... ಇಲ್ಲ, ಹೊರಟಿಲ್ಲ." ಅವನು ಪದ್ಮಾಳನ್ನು ನೋಡಿದ. ಅವಳು ನೋಟ ತೆಗೆಯಲಿಲ್ಲ. "ಇಲ್ಲ ಇಲ್ಲ, ಟ್ರೈನ್ ತಪ್ಪಲಿಲ್ಲ. ಹುಷಾರಾಗಿದ್ದಾಳೆ... ಅದೂ..."

ಬೆಳಗ್ಗೆ ಮೈಕಿನ ಮುಂದೆ ಒಂದೂ ಮಾತಿಗೆ ತಡವರಿಸದಿದ್ದವನು ಈಗ ಗಂಟಲು ಸರಿಮಾಡಿಕೊಂಡ, ಕುರ್ಚಿಯಿಂದ ಎದ್ದ, ಗೋಡೆಯ ಕಡೆ ತಿರುಗಿದ.

"ಮನು ಬರಲ್ಲಮ್ಮ," ಎಂದ. ಆ ಕಡೆಯಿಂದ ಏನೋ ಕೇಳಿದರು. ಅವನು ಬಹಳ ಹೊತ್ತು ಕೇಳಿಸಿಕೊಂಡ. "ಶಾಸ್ತ್ರ ಅಲ್ಲ, ಏನಲ್ಲ. ಅವಳು ಬರಲ್ಲ. ನಮ್ಮನೇಲೇ ಇರ್ತಾಳೆ."

ಕಾರಣ ಕೇಳಿರಬೇಕು.

"ಅಭಿಷೇಕ್ ಅಲ್ಲಿದ್ರೆ ಫೋನ್ ಕೊಡಿ," ಎಂದ. "ಮಾತಾಡಬೇಕು."